ಸೋಮಲಿಂಗಪ್ಪನವರ ಸಹಿ

ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಬೇಕರಿ ಓವನ್ ತಯಾರಿಸುತ್ತಿದ್ದ ಸೋಮಲಿಂಗಪ್ಪನವರಿಗೆ ಎರಡು ಸಾವಿರದ ಏಳರಲ್ಲಿ ಬಲಗೈ ನಡುಗತೊಡಗಿತು. ತುತ್ತು ಬಾಯಿಗೆ ಸೇರುವುದೇ ಕಷ್ಟ, ಇನ್ನು ಸಹಿ ಎಲ್ಲಿಂದ ಬಂದೀತು? ಗಿರಾಕಿಗಳಿಗೆ ಕಳಿಸುವ ಕೊಟೇಶನ್‌ಗೆಲ್ಲ ಅವರ ಸಹಿಯೇ ಆಗಬೇಕು. ಪುಣೆಯ ಬಿಸ್ಕತ್ತು ಕಂಪನಿಯೊಂದು, ಇದು ನಿಮ್ಮ ಸಹಿಯಂತೆ ಕಾಣುತ್ತಿಲ್ಲ ಎಂದು ಕೊಟೇಶನ್ನನ್ನೇ ವಾಪಸ್ ಕಳಿಸಿದ ದಿನ ಅವರು ಮಧ್ಯಾಹ್ನವೇ ಮನೆಗೆ ಹೊರಟುಹೋದರು.

ಆ ಲಕೋಟೆ ಒಡೆದವಳು ಶಶಿಕಲಾ. ಟೈಪಿಸ್ಟಾಗಿ ಸೇರಿ, ಸೇಲ್ಸ್ ವಿಭಾಗವನ್ನೇ ನಿಭಾಯಿಸುವ ಮಟ್ಟಕ್ಕೆ ಬೆಳೆದ ಮೂಡಲಪಾಳ್ಯದ ಹೆಣ್ಣುಮಗಳು. ‘ಇನ್ಮೇಲೆ ಬೇರೆಯವರು ಸಹಿ ಹಾಕ್ಲಿ’ ಎನ್ನಲು ಆಕೆಗೆ ನಾಲಿಗೆ ಏಳಲಿಲ್ಲ. ಕೊಟೇಶನ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದ ವಿಜಯನಗರದ ರುದ್ರೇಶನನ್ನು ಕರೆಸಿದಳು.

“ಕಂಪ್ಯೂಟರಲ್ಲೇ ಸಹಿ ಹಾಕೋ ಹಾಗೆ ಮಾಡ್ಬಹುದು ಮೇಡಂ,” ಎಂದ ರುದ್ರೇಶ. “ಎರಡು ಥರ ಇದೆ. ಯಾವುದನ್ನ ಜೋಡಿಸ್ಲಿ, ನೀವೇ ಹೇಳಿ.”

ಮೊದಲನೆಯದು ಬಲು ಸಲೀಸು. ಸೋಮಲಿಂಗಪ್ಪನವರ ಹಳೆಯ ಸಹಿಯ ಚಿತ್ರವನ್ನು ಕೊಟೇಶನ್ನಿನ ಕೆಳಗೆ ತಂದು ಕೂರಿಸುತ್ತಿತ್ತು. ನಡುಕವಿಲ್ಲದ ಆ ಅಕ್ಷರಗಳು ಶಶಿಕಲಾಳಿಗೆ ಹಿಡಿಸಿದವು. ಆದರೂ ಯಾಕೋ ಅನುಮಾನ. ಕೀಲಿಮಣೆ ಎಳೆದುಕೊಂಡು, ‘ಉಕ್ಕಿನ ಬಾಗಿಲು’ ಎಂದಿದ್ದ ಕಡೆ ‘ತಗಡಿನ ಬಾಗಿಲು’ ಎಂದು ತಿದ್ದಿದಳು. ಸಹಿ ಏನೂ ಆಗದವರ ಹಾಗೆ ಅಲ್ಲೇ ಕೂತಿತ್ತು.

“ಅಯ್ಯೋ, ಇದು ಯಾರು ಏನ್ ಬರೆದ್ರೂ ಹೂಂ ಅನ್ನುತ್ತಲ್ಲ!”

ಎರಡನೆಯದಕ್ಕೆ ಪೆನ್‌ಡ್ರೈವಿನಂಥ ಪುಟ್ಟ ಸಾಧನವಿತ್ತು. ಅದನ್ನು ಸಿಕ್ಕಿಸಿ, ಗುಟ್ಟಿನ ಸಂಖ್ಯೆ ಒತ್ತಿದರೆ ಸಹಿ ಬೀಳುತ್ತದೆ. ಚಿತ್ರವಿಲ್ಲ, ವಕ್ರಗೆರೆಯಿಲ್ಲ, ಬರೀ ಹೆಸರು ಮತ್ತು ಹಸಿರು ಗುರುತು. ಶಶಿಕಲಾ ಈ ಬಾರಿ ಒಂದೇ ಒಂದು ಅಲ್ಪವಿರಾಮ ಅಳಿಸಿದಳು. ಮತ್ತೆ ತೆರೆದಾಗ ಹಸಿರು ಮಾಯವಾಗಿ ಕೆಂಪು ಗುರುತು ಎದ್ದು ಕೂತಿತ್ತು: ಸಹಿಯಾದ ಮೇಲೆ ಈ ಕಡತ ಬದಲಾಗಿದೆ.

ಸಹಿಯಾದ ಇನ್ನೊಂದು ಪ್ರತಿಯಲ್ಲಿ ಎರಡು ಪದಗಳ ನಡುವೆ ಬರೀ ಒಂದು ಖಾಲಿ ಜಾಗ ಸೇರಿಸಿ ನೋಡಿದಳು. ಅದೂ ಗೊತ್ತಾಯಿತು. ಓದಲು ಬಾರದ ವಸ್ತುವೊಂದು ಪ್ರತಿ ಅಕ್ಷರಕ್ಕೂ ಕಾವಲು ಕೂತಿದೆಯಲ್ಲ!

“ಇದೇ ಇರ್ಲಿ ರುದ್ರೇಶ್,” ಎಂದಳು, ಪಿಸುಮಾತಿನಲ್ಲಿ.

ಜೋಡಣೆ ಮುಗಿದ ದಿನ ಸೋಮಲಿಂಗಪ್ಪನವರನ್ನು ಕೂರಿಸಿದರು. ಅವರು ಬಲಗೈಯನ್ನು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡು, ಎಡಗೈ ಬೆರಳಿನಿಂದ ಒಂದೊಂದೇ ಸಂಖ್ಯೆ ಒತ್ತಿದರು. ಪರದೆಯ ಮೇಲೆ ಅವರ ಹೆಸರು ಮೂಡಿತು.

“ನನ್ ಕೈ ನಡುಗೋದು ಇದಕ್ಕೆ ಗೊತ್ತಾಗಲ್ವೇನಮ್ಮ?”

“ಇಲ್ಲ ಸಾರ್. ನೀವೇ ಅನ್ನೋದು ಮಾತ್ರ ಗೊತ್ತಾಗುತ್ತೆ.”

ಮುದುಕರು ಕನ್ನಡಕ ತೆಗೆದು ಒರೆಸಿಕೊಂಡರು. ಕೊಟೇಶನ್ ಇ-ಮೇಲ್‌ನಲ್ಲಿ ಪುಣೆಗೆ ಹೋಯಿತು. ಕಾಫಿ ಆರುವಷ್ಟರಲ್ಲಿ, ತೆರೆದು ನೋಡಿದೆವು, ಎಲ್ಲ ಸರಿಯಿದೆ ಎಂದು ಅಲ್ಲಿಂದ ಉತ್ತರ ಬಂತು. ಶಶಿಕಲಾ ಅದನ್ನು ಗಟ್ಟಿಯಾಗಿ ಓದಿ ಹೇಳಿದಳು.

“ಇನ್ನೊಂದ್ಸಲ ಓದಮ್ಮ,” ಎಂದರು ಸೋಮಲಿಂಗಪ್ಪ. ಆಮೇಲೆ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, “ಬಾಕಿ ಇರೋ ಕೊಟೇಶನ್ನೆಲ್ಲ ತೆಗಿ, ಈಗ್ಲೇ ಹಾಕ್ಬಿಡ್ತೀನಿ,” ಎಂದರು.