ಮುನ್ನೋಟ: ಸ್ಥಿರ

ಕಚೇರಿಯ ಕಿರಿಯರು ಬೆನ್ನ ಹಿಂದೆ ಆಕೆಯನ್ನು ಇಳಿಜಾರಕ್ಕ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಆಕೆಯದು ಒಂದೇ ಕೆಲಸ: ಸಾಲಪತ್ರ ಹೊರಡಿಸುವ ಕಂಪನಿಗಳ ಲೆಕ್ಕ ಜಾಲಾಡಿ, ಅವು ಸಾಲ ತೀರಿಸುವ ತಾಕತ್ತಿಗೆ ರೇಟಿಂಗ್ ಕೊಡುವುದು, ಹೆಚ್ಚಿನ ಸಲ ಇಳಿಸುವುದು. ಅದೂ ಪೇಟೆಯಲ್ಲಿ ಎಲ್ಲರಿಗೂ ಮಾರುವ ಸಾಲಪತ್ರವಲ್ಲ. ನಾಲ್ಕೈದು ವಿಮಾ ಕಂಪನಿಗಳಿಗೆ ಮಾತ್ರ ಖಾಸಗಿಯಾಗಿ ಕೊಡುವಂಥದ್ದು. ಹಾಗಾಗಿ ಆಕೆ ಬರೆದದ್ದು ಪೇಪರಿನಲ್ಲಿ ಬರುವುದಿಲ್ಲ, ಓದುವವರನ್ನು ಬೆರಳಲ್ಲಿ ಎಣಿಸಬಹುದು. ಕನ್ನಡಕದ ನಂಬರು ಏರಿದಾಗಲೆಲ್ಲ, ಇಷ್ಟು ಜನಕ್ಕೋಸ್ಕರ ಕಣ್ಣು ಕಳೆದುಕೊಂಡೆಯಲ್ಲೇ ಎಂದು ಗಂಡ ಕಾಲೆಳೆಯುತ್ತಾನೆ. ಆಕೆಗೀಗ ನಗುವಷ್ಟೂ ತ್ರಾಣವಿಲ್ಲ.

ಈ ಸಲ ಗಾಜಿನ ಬಾಟಲಿ ಕಾರ್ಖಾನೆಯ ಸರದಿ. ದೊಡ್ಡ ಗಿರಾಕಿಯೊಬ್ಬ ಪ್ಲಾಸ್ಟಿಕ್ ಬಾಟಲಿಗೆ ಹೊರಳಿದ್ದ. ಎರಡು ಕುಲುಮೆಗಳಲ್ಲಿ ಒಂದು ಹಳತಾಗಿತ್ತು. ರಿಪೇರಿಗೆ ಹೊಸ ಸಾಲ ಹುಟ್ಟದಿದ್ದರೆ ಅದನ್ನು ಮುಚ್ಚಬೇಕು, ಅದರ ಮುಂದೆ ದುಡಿಯುವ ಅರವತ್ತು ಜನ ಮನೆಗೆ ಹೋಗಬೇಕು. ಕಚೇರಿಯ ರೇಟಿಂಗ್ ಸಮಿತಿ ಎರಡು ಗಂಟೆ ಗುದ್ದಾಡಿ ರೇಟಿಂಗನ್ನು ಒಂದು ಮೆಟ್ಟಿಲು ಇಳಿಸಿತು. ಮುಂದೆ ಇನ್ನೂ ಇಳಿಯಬಹುದೆಂದು ಮುನ್ನೋಟವನ್ನು ‘ನಕಾರಾತ್ಮಕ’ ಎಂದಿತು. ಕಂಪನಿಗೆ ಕಳೆದ ವರ್ಷ ಕಳಿಸಿದ ರೇಟಿಂಗ್ ಪತ್ರವನ್ನೇ ತೆರೆದು, ತಿದ್ದಿ ಕಳಿಸುವುದು ಅಲ್ಲಿನ ರೂಢಿ. ಕಣ್ಣು ಎಳೆಯುತ್ತಿದ್ದರೂ ಆಕೆ ಹಾಗೇ ತಿದ್ದಿ ಕಳಿಸಿದಳು.

ಮರುದಿನ ಮಧ್ಯಾಹ್ನ ಪತ್ರದ ಪ್ರತಿಯನ್ನು ಫೈಲಿಗೆ ಸೇರಿಸುವಾಗ ಕಣ್ಣಿಗೆ ಬಿತ್ತು. ಇಳಿದ ರೇಟಿಂಗಿನ ಕೆಳಗೆ ‘ಮುನ್ನೋಟ: ಸ್ಥಿರ’ ಎಂದು ಹಳೇ ಪದ ಹಾಗೇ ಕೂತಿತ್ತು. ಮೇಲಿನವರಿಗೆ ತಿಳಿಸಿ, ಕಾರ್ಖಾನೆಯ ಮಾಲೀಕನಿಗೆ ಫೋನು ಮಾಡಿ, ತಪ್ಪು ನನ್ನದು, ತಿದ್ದಿದ ಪತ್ರ ಸಂಜೆಯೊಳಗೆ ಬರುತ್ತದೆ ಎಂದಳು.

ಆತ ಬೆಳಿಗ್ಗೆಯೇ ಕೆಲಸಗಾರರನ್ನೆಲ್ಲ ಸೇರಿಸಿ, ರೇಟಿಂಗ್ ಇಳಿದರೂ ಮುನ್ನೋಟ ಸ್ಥಿರವಾಗಿದೆ, ರಿಪೇರಿಗೆ ಸಾಲ ಸಿಗುತ್ತದೆ ಎಂದು ಹೇಳಿಬಿಟ್ಟಿದ್ದನಂತೆ.

"ಎಲ್ಲರಿಗೂ ಹೋದ ಜೀವ ಬಂದ ಹಾಗಾಯ್ತು ಮೇಡಂ," ಎಂದ.

ನಾಲ್ಕೈದು ಜನ ಓದುವ ಕಾಗದ ತಾನೇ, ಆ ಒಂದು ಪದ ಇದ್ದುಕೊಳ್ಳಲಿ ಎಂದು ಕೇಳಿಕೊಂಡ. ಆಗುವುದಿಲ್ಲ ಎಂದಳು. ಆ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದಳೋ, ಹೇಳಿ ಹೇಳಿ ಆಕೆಗೆ ಸಾಕಾಗಿತ್ತು. ಆತ ವಾದಕ್ಕಿಳಿಯಲಿಲ್ಲ.

"ಒಂದು ಕೇಳ್ಲಾ? ಬರೆಯೋವಾಗ ಒಂದು ಗಳಿಗೆನಾದ್ರೂ ನಿಮಗೆ ಹಾಗನ್ನಿಸಿತ್ತಾ? ಇವರು ನಿಂತ್ಕೋತಾರೆ ಅಂತ?"

ಹೌದು ಎಂದುಬಿಟ್ಟಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಹಾಗೆನ್ನಲು ಆಕೆಗೆ ನಿಜಕ್ಕೂ ಆಸೆಯಾಯಿತು.

"ಇಲ್ಲ," ಎಂದಳು. "ಅದು ಹೋದ ವರ್ಷದ್ದು. ಅಳಿಸೋಕೆ ಮರೆತಿದ್ದೆ."