ಟಿ. ನರಸೀಪುರದಲ್ಲಿ ಈ ವರ್ಷ ಆಟವಿಲ್ಲ

ನಂಜನಗೂಡಿನಿಂದ ಬೆಳಗಿನ ಬಸ್ಸು ಹಿಡಿದು ಟಿ. ನರಸೀಪುರದ ಕಾಲೇಜು ಮೈದಾನಕ್ಕೆ ಬಂದರೆ ಯಾರೂ ಇಲ್ಲ. ನಮ್ಮೂರ ಕಾಲೇಜಿನ ಕಬಡ್ಡಿ ತಂಡವನ್ನು ಪ್ರತಿ ವರ್ಷ ಇಲ್ಲಿನ ತಂಡದ ಎದುರು ಆಡಿಸಲು ಕರೆತರುತ್ತಿದ್ದವನು ನನ್ನ ತಮ್ಮ. ಅವನು ತೀರಿಕೊಂಡು ಎರಡು ತಿಂಗಳು. ಆಟವನ್ನಾದರೂ ನೋಡೋಣವೆಂದು ಬಂದಿದ್ದೆ.

ಇಲ್ಲಿನ ಪಿ.ಟಿ. ಮೇಷ್ಟ್ರು ಗುರುತು ಹಿಡಿದು ಪಕ್ಕದ ಅಂಗಡಿಯಲ್ಲಿ ಟೀ ಕೊಡಿಸಿದರು.

“ಟೀವಿಯೋರು ದುಡ್ಡು ಸುರುದ್ರು ಕಣ್ರೀ, ಪಂದ್ಯದ ಗುಂಪೆಲ್ಲ ಅದಲುಬದಲು. ನಿಮ್ಮೋರು ಮೈಸೂರಿನ ದೊಡ್ಡ ಕಾಲೇಜುಗಳ ಗುಂಪಿಗೆ ಸೇರ್ಕಂಡ್ರು. ನಮ್ಮಾಟ ಯಾರ್ ನೋಡ್ತಾರೆ? ಅದ್ರ ಒಪ್ಪಿಗೆ ಪತ್ರಕ್ಕೆ ಸೈನ್ ಆಕಿದ್ದು ನಿಮ್ ತಮ್ಮನೇ.”

ನನಗದು ಗೊತ್ತಿರಲಿಲ್ಲ.

“ಇಪ್ಪತ್ತು ವರ್ಸ ಇದೇ ಮೈದಾನದಲ್ಲಿ ಕಿತ್ತಾಡಿದ್ವಿ. ನಂಗೊಂದು ಮಾತು ಏಳ್ಲಿಲ್ಲ. ಆಸ್ಪತ್ರೇಲಾದ್ರೂ ನನ್ನೆಸ್ರು ಎತ್ತಿದ್ನಾ?”

ಆಸ್ಪತ್ರೆಯಲ್ಲಿ ತಮ್ಮ ಕೇಳುತ್ತಿದ್ದುದು ಒಂದೇ ಮಾತು, ಹುಡುಗರು ಟೀವಿಯಲ್ಲಿ ಬರುವುದು ಯಾವತ್ತು ಎಂದು. ಅದನ್ನು ಜ್ವರದ ಕನವರಿಕೆ ಎಂದುಕೊಂಡಿದ್ದೆ.

“ಎತ್ತಿದ್ದ. ನಿಮ್ಮಷ್ಟು ಜಗಳಗಂಟ ಮೇಷ್ಟ್ರು ಜಿಲ್ಲೇಲೇ ಇಲ್ಲ ಅಂದ,” ಎಂದೆ.

“ಅಂಗಂದ್ನಾ!” ಮೇಷ್ಟ್ರು ಜೋರಾಗಿ ನಕ್ಕು ಕಣ್ಣೊರೆಸಿಕೊಂಡರು. ನನಗೆ ಕೂರಲಾಗಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಎದ್ದೆ.

ಅವರು ತೋಳು ಹಿಡಿದು ಕೂರಿಸಿ ಇನ್ನೆರಡು ಟೀ ಹೇಳಿದರು. “ಬಸ್ಸು ಬತ್ತಾನೇ ಇರ್ತವೆ, ಕೂತ್ಕಳಿ. ಇನ್ನೇನಂದ?”