ಆಲ್ಟ್‌ನಲ್ಲಿ ಉಳಿದಿದ್ದ ತರಗುಪೇಟೆ

ಎರಡು ವರ್ಷಗಳ ಹಿಂದೆ ನಾನು ಚಾಮರಾಜಪೇಟೆಯ ಸಣ್ಣ ಕಂಪನಿಯೊಂದರಲ್ಲಿ ಹಿರಿಯ ಪ್ರೋಗ್ರಾಮರ್ ಆಗಿದ್ದೆ. ಹಳೆಯ ವೆಬ್‌ಸೈಟುಗಳ ದುರಸ್ತಿ ನನ್ನ ಪಾಲಿನ ಕೆಲಸ. ಒಂದು ಬೆಳಿಗ್ಗೆ ಬಸವನಗುಡಿಯಿಂದ ಸುಲೋಚನಮ್ಮ ಎಂಬುವವರು ಫೋನ್ ಮಾಡಿದರು. “ನಮ್ಮನೆಯವರ ಫೋಟೋಗಳೆಲ್ಲ ಹೋಗ್ಬಿಟ್ಟಿವೆ. ಸ್ವಲ್ಪ ಬಂದು ನೋಡ್ತೀರಾಮ್ಮ?”

ಅವರ ಪತಿ ನಾಗರಾಜರಾಯರು ಬ್ಯಾಂಕಿನಿಂದ ನಿವೃತ್ತರಾದವರು. ಭಾನುವಾರಗಳಲ್ಲಿ ಹೆಂಡತಿಯೊಂದಿಗೆ ಊರಿನ ಹಳೆಯ ಬೀದಿಗಳನ್ನು ಸುತ್ತಿ ಫೋಟೋ ತೆಗೆದು, ತಮ್ಮದೇ ವೆಬ್‌ಸೈಟಿಗೆ ಹಾಕಿದವರು. ನಾನು ಹೋಗಿ ಸೈಟ್ ತೆರೆದರೆ ಚಿತ್ರಗಳೆಲ್ಲ ಅಲ್ಲೇ ಇದ್ದವು. “ಇಲ್ಲೇ ಇವೆಯಲ್ಲಾ ಸರ್” ಎಂದೆ. ರಾಯರು ಕೀಬೋರ್ಡಿನ ಕೀಲಿಯೊಂದನ್ನು ಒತ್ತಿದರು. ಕಂಪ್ಯೂಟರಿನ ಧ್ವನಿ “ಚಿತ್ರ, ಚಿತ್ರ, ಚಿತ್ರ” ಎನ್ನುತ್ತ ಹೋಯಿತು. ಅವರಿಗೆ ಕಣ್ಣು ಕಾಣುವುದಿಲ್ಲವೆಂದು ನನಗೆ ತಿಳಿದದ್ದು ಆಗ.

ವೆಬ್‌ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಪ್ರತಿ ಚಿತ್ರಕ್ಕೂ ‘ಆಲ್ಟ್’ ಎಂಬ ಆಟ್ರಿಬ್ಯೂಟ್, ಅಂದರೆ ವಿವರಣೆಯ ಜಾಗ, ಇರುತ್ತದೆ. ಅದರಲ್ಲಿ ಬರೆದ ವಿವರಣೆ ಪರದೆಯ ಮೇಲೆ ಕಾಣುವುದಿಲ್ಲ. ದೃಷ್ಟಿಯಿಲ್ಲದವರಿಗೆ ಪುಟ ಓದಿ ಹೇಳುವ ತಂತ್ರಾಂಶ ಅದನ್ನು ಗಟ್ಟಿಯಾಗಿ ಓದುತ್ತದೆ. ಗಂಡನ ದೃಷ್ಟಿ ಹೋದ ಮೇಲೆ ಸುಲೋಚನಮ್ಮ ಆ ಚಿತ್ರಗಳಿಗೆ ವಿವರಣೆ ಟೈಪ್ ಮಾಡಿದ್ದರು. ಸೈಟಿಗೆ ಹೊಸ ವಿನ್ಯಾಸ ಹಾಕಿಸಿದಾಗ ಅದೆಲ್ಲ ಬಿಟ್ಟುಹೋಗಿತ್ತು.

“ಮತ್ತೆ ಬರೆಯೋಕೆ ಆಗೋದಿಲ್ವಾ ಅಮ್ಮ?”

“ಆ ಅಂಗಡಿಗಳಲ್ಲಿ ಅರ್ಧ ಈಗಿಲ್ಲ. ಅವತ್ತು ಯಾರು ಏನಂದ್ರು ಅಂತ ನನಗೂ ಮರೆತುಹೋಗಿದೆ.”

ಪುಣ್ಯಕ್ಕೆ ಹಳೆಯ ಪುಟಗಳು ಒಂದು ಪೆನ್‌ಡ್ರೈವ್‌ನಲ್ಲಿದ್ದವು. ಆದರೆ ಪುಟದ ಭಾಗಗಳನ್ನು ಗುರುತಿಸುವ ಟ್ಯಾಗುಗಳನ್ನು ಮುಚ್ಚಿರಲಿಲ್ಲ, ಸಾಲುಗಳು ಅಡ್ಡಾದಿಡ್ಡಿ. ನಾನು ರೆಗ್ಯುಲರ್ ಎಕ್ಸ್‌ಪ್ರೆಷನ್ ಬರೆದೆ. ಅಂದರೆ, ಇಂಥ ಆಕಾರದ ಅಕ್ಷರಸಾಲನ್ನು ಹುಡುಕು ಎಂದು ಕಂಪ್ಯೂಟರಿಗೆ ಕೊಡುವ ಅಚ್ಚು. ಮೊದಲ ಸಲ ಸಿಕ್ಕದ್ದು ಕಾಲುಭಾಗ. ಅದರಲ್ಲೂ ಹಲವು ವಾಕ್ಯಗಳು ನಡುವೆಯೇ ತುಂಡಾಗಿದ್ದವು. ನೋಡಿದರೆ ಸುಲೋಚನಮ್ಮ ವಿವರಣೆಯ ಸುತ್ತ ಕೆಲವೆಡೆ ಒಂಟಿ ಉದ್ಧರಣ ಚಿಹ್ನೆ, ಕೆಲವೆಡೆ ಜೋಡಿ ಚಿಹ್ನೆ ಬಳಸಿದ್ದರು. ಒಂಟಿ ಚಿಹ್ನೆಯೊಳಗೆ ಜನರ ಮಾತನ್ನು ಜೋಡಿ ಚಿಹ್ನೆಯಲ್ಲಿಟ್ಟಿದ್ದರು; ನನ್ನ ಅಚ್ಚು ಆ ಮಾತು ಶುರುವಾದಲ್ಲೇ ನಿಂತುಬಿಡುತ್ತಿತ್ತು. ಯಾವ ಚಿಹ್ನೆಯಿಂದ ತೆರೆದಿದೆಯೋ ಅದೇ ಚಿಹ್ನೆ ಮತ್ತೆ ಬರುವವರೆಗೂ ಓದು ಎಂದು ಅಚ್ಚನ್ನು ತಿದ್ದಿದೆ.

ಪರದೆ ತುಂಬಿತು. ‘ತರಗುಪೇಟೆ. ಬೇಳೆ ಮೂಟೆ ಮೇಲೆ ಬೆಕ್ಕು ಮಲಗಿದೆ. ಅಂಗಡಿಯವರು “ಏಳಿಸ್ಬೇಡಿ ಸಾರ್, ರಾತ್ರಿ ಡ್ಯೂಟಿ ಮಾಡಿದೆ” ಅಂದ್ರು.’ ‘ಅವೆನ್ಯೂ ರಸ್ತೆ. ಫೋಟೋದಲ್ಲಿ ಪುಸ್ತಕ ಮಾತ್ರ ಇದೆ. ಪಕ್ಕದಲ್ಲಿ ಯಾರೋ ಮಲ್ಲಿಗೆ ಮಾರುತ್ತಿದ್ದರು, ನಿಮಗೆ ಸೀನು ಬಂತು.’ ಎಲ್ಲವನ್ನೂ ಓದಿ ಮುಗಿಸುವವರೆಗೆ ನಾನು ಕುರ್ಚಿಯಿಂದ ಏಳಲೇ ಇಲ್ಲ. ಕಣ್ಣಿರುವ ನನಗೆ ಆ ಚಿತ್ರಗಳಲ್ಲಿ ಮಲ್ಲಿಗೆಯ ಸುಳಿವೇ ಸಿಕ್ಕಿರಲಿಲ್ಲ.

ಒಂದು ಚಿತ್ರದ ಆಲ್ಟ್ ಮಾತ್ರ ಖಾಲಿ ಬರುತ್ತಿತ್ತು. ಅಚ್ಚನ್ನು ಮೂರು ಬಾರಿ ತಿದ್ದಿದರೂ ಅಷ್ಟೇ. ಉಳಿದದ್ದನ್ನೆಲ್ಲ ಸೈಟಿಗೆ ಸೇರಿಸಿ ಅವರ ಮನೆಗೆ ಹೋದೆ. ರಾಯರು ಒಂದೊಂದಾಗಿ ಕೇಳುತ್ತ ಬೆಕ್ಕಿಗೆ ನಕ್ಕರು, ಮಲ್ಲಿಗೆಯದನ್ನು ಇನ್ನೊಮ್ಮೆ ಹಾಕಿ ಕೇಳಿದರು.

“ಒಂದು ಸಿಗಲಿಲ್ಲ ಸರ್. ಗವಿಪುರಂ ಗುಡಿ ಮುಂದೆ ಅಮ್ಮ ನಿಂತಿರೋದು.”

ಸುಲೋಚನಮ್ಮ ತಲೆ ತಗ್ಗಿಸಿದರು. “ಅದಕ್ಕೆ ನಾನು ಬರೆದೇ ಇಲ್ಲ. ನನ್ನ ಬಗ್ಗೆ ನಾನೇ ಏನಂತ ಬರೀಲಿ?”

“ನೀವು ಟೈಪ್ ಮಾಡ್ಕೊಳ್ಳಿ, ನಾನು ಹೇಳ್ತೀನಿ” ಎಂದು ರಾಯರು ನನಗೆ ಹೇಳಿದರು. “ಹಸಿರು ಸೀರೆ. ಬಿಸಿಲಿಗೆ ಕೈ ಅಡ್ಡ ಇಟ್ಕೊಂಡಿದಾಳೆ. ನಗ್ಬೇಡ ಅಂದಿದ್ದಕ್ಕೆ ಇನ್ನೂ ಜಾಸ್ತಿ ನಗ್ತಿದಾಳೆ.”

ನಾನು ಚಿತ್ರ ನೋಡಿದೆ. ಹಾಗೇ ಇತ್ತು.

ಹುಡುಕಾಟದಲ್ಲಿ ಖಾಲಿ ಉತ್ತರ ಬಂದರೆ ಅಚ್ಚು ತಪ್ಪಿರಬೇಕೆಂದೇ ಅಲ್ಲಿಯವರೆಗೆ ನಂಬಿದ್ದೆ. ಈಗ ಅಚ್ಚು ತಿದ್ದುವ ಮೊದಲು, ಅಲ್ಲಿ ಏನಾದರೂ ಬರೆದಿದ್ದಿರಾ ಎಂದು ಪುಟ ಬರೆದವರನ್ನು ಒಂದು ಮಾತು ಕೇಳುತ್ತೇನೆ.